‘ಪರಿವರ್ತಿಸಿ’ ಎಂಬ ಆಜ್ಞೆಯ ಪೂರ್ವೋತ್ತರ: ಇಂಗ್ಲಿಷ್ ವ್ಯಾಕರಣದ ಪರೋಕ್ಷೋಕ್ತಿ ಪಾಠದ ಚರಿತ್ರೆ

1. ಸಮಸ್ಯೆ

ಇಂಗ್ಲಿಷ್ ವ್ಯಾಕರಣದ ಶಾಲಾಪಠ್ಯಗಳಲ್ಲಿ ಡೈರೆಕ್ಟ್ ಸ್ಪೀಚ್ ಮತ್ತು ಇಂಡೈರೆಕ್ಟ್ ಸ್ಪೀಚ್ ಎಂಬ ಹೆಸರಿನ ಪಾಠವೊಂದಿದೆ. ಪ್ರಸ್ತುತ ಲೇಖನದಲ್ಲಿ ಇವನ್ನು ಪ್ರತ್ಯಕ್ಷೋಕ್ತಿ ಮತ್ತು ಪರೋಕ್ಷೋಕ್ತಿ ಎಂದು ಕರೆಯುತ್ತೇವೆ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡುತ್ತೇವೆ. ಈ ಪಾಠ ಮಿಕ್ಕ ಪಾಠಗಳಂತಲ್ಲ. ನಾಮಪದ, ವಿಶೇಷಣ, ಕ್ರಿಯಾಪದಗಳ ಪಾಠಗಳು ‘ಇದು ಹೀಗಿದೆ’ ಎನ್ನುತ್ತವೆ; ಈ ಪಾಠವು ‘ಪರಿವರ್ತಿಸಿ’ ಎಂದು ಆಜ್ಞಾಪಿಸುತ್ತದೆ. ಉದ್ಧರಣ ಚಿಹ್ನೆಗಳನ್ನು ತೆಗೆಯಿರಿ, ‘ದ್ಯಾಟ್’ ಸೇರಿಸಿ, ‘ಐ’ ಇದ್ದಲ್ಲಿ ‘ಹಿ’ ಇಡಿ, ಕ್ರಿಯಾಪದದ ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ, ‘ನೌ’ ಎಂಬುದನ್ನು ‘ದೆನ್’ ಎಂದೂ ‘ಟುಡೇ’ ಎಂಬುದನ್ನು ‘ದ್ಯಾಟ್ ಡೇ’ ಎಂದೂ ‘ಹಿಯರ್’ ಎಂಬುದನ್ನು ‘ದೇರ್’ ಎಂದೂ ಬದಲಿಸಿ. ಮುಂದೆ ಇಪ್ಪತ್ತು ವಾಕ್ಯಗಳ ಅಭ್ಯಾಸ.

ಈ ಕೆಲಸವನ್ನು ನಿತ್ಯಜೀವನದಲ್ಲಿ ಮಾಡುವವರು ಯಾರು? ಮಾತನಾಡುವ ಯಾವ ವ್ಯಕ್ತಿಯೂ ಮೊದಲು ಪರರ ಮಾತನ್ನು ಚಿಹ್ನೆಗಳೊಳಗೆ ನಿಲ್ಲಿಸಿಕೊಂಡು, ಅನಂತರ ಅದರ ಒಂದೊಂದೇ ಪದವನ್ನು ಕಳಚಿ ಬೇರೆ ಪದ ಜೋಡಿಸುವುದಿಲ್ಲ. ಕೇಳಿದ್ದರ ಅರ್ಥ ಮನಸ್ಸಿನಲ್ಲಿ ಉಳಿದಿರುತ್ತದೆ. ಹೇಳಬೇಕಾದ ಸಂದರ್ಭ ಬಂದಾಗ ಅದು ಹೊಸ ವಾಕ್ಯವಾಗಿ ಹೊರಡುತ್ತದೆ. ಹಾಗಾದರೆ ಪದದಿಂದ ಪದಕ್ಕೆ ನಡೆಯುವ ಈ ಪರಿವರ್ತನೆಯು ವ್ಯಾಕರಣಕ್ಕೆ ಎಲ್ಲಿಂದ ಬಂತು?

ನಮ್ಮ ವಾದ ಹೀಗಿದೆ. ಈ ನಿಯಮಕ್ಕೆ ಎರಡು ಮೂಲಗಳಿವೆ. ಒಂದು, ಇಂಗ್ಲೆಂಡಿನ ಲ್ಯಾಟಿನ್ ತರಗತಿ. ಇನ್ನೊಂದು, ಪಾರ್ಲಿಮೆಂಟಿನ ಭಾಷಣಗಳನ್ನು ಮುದ್ರಣಕ್ಕೆ ಒದಗಿಸುತ್ತಿದ್ದ ವರದಿಗಾರರ ಕಸುಬು. ಮೊದಲನೆಯದು ಅಭ್ಯಾಸದ ರೂಪವನ್ನು ಕೊಟ್ಟಿತು. ಎರಡನೆಯದು ಆ ರೂಪಕ್ಕೆ ಹೊಂದುವ ಒಂದು ನಿಜವಾದ ಇಂಗ್ಲಿಷ್ ಬರವಣಿಗೆಯನ್ನು ಕೊಟ್ಟಿತು. ಅಂದರೆ ನಿಯಮವು ಸುಳ್ಳಲ್ಲ. ಅದು ಒಂದು ನಿರ್ದಿಷ್ಟ ಬರಹಪ್ರಕಾರದ ನಿಯಮ. ಆ ಪ್ರಕಾರವು ತನ್ನ ಮುಖ್ಯ ನೆಲೆಯನ್ನು ಕಳೆದುಕೊಂಡ ಮೇಲೂ ನಿಯಮವು ಇಡೀ ಭಾಷೆಯ ವ್ಯಾಕರಣವೆಂಬ ವೇಷದಲ್ಲಿ ಉಳಿಯಿತು, ಭಾರತದ ಶಾಲೆಗಳಲ್ಲಿ ಭದ್ರವಾಗಿ ನೆಲೆಸಿತು.

2. ಲ್ಯಾಟಿನ್ ತರಗತಿ

ಲ್ಯಾಟಿನ್ ವ್ಯಾಕರಣಗಳು ಒರಾಟಿಯೊ ರೆಕ್ಟಾ ಮತ್ತು ಒರಾಟಿಯೊ ಒಬ್ಲಿಕ್ವಾ ಎಂದು ಎರಡು ಬಗೆಯ ಉಕ್ತಿಗಳನ್ನು ಬೇರ್ಪಡಿಸುತ್ತವೆ: ನೆಟ್ಟನೆಯ ಮಾತು, ಓರೆಯಾದ ಮಾತು. ಲ್ಯಾಟಿನ್‌ನಲ್ಲಿ ಈ ಭೇದ ಕ್ರಿಯಾಪದದ ರೂಪದಲ್ಲಿಯೇ ಎದ್ದು ಕಾಣುತ್ತದೆ. ಹೇಳಿಕೆಯು ಪರೋಕ್ಷವಾದಾಗ ಅದರ ಕರ್ತೃಪದ ದ್ವಿತೀಯಾ ವಿಭಕ್ತಿಗೆ ಹೋಗುತ್ತದೆ; ಕ್ರಿಯಾಪದವು ಪುರುಷ-ವಚನಗಳನ್ನು ಕಳೆದುಕೊಂಡು ಭಾವರೂಪ ತಾಳುತ್ತದೆ. ಅದರೊಳಗಿನ ಅಧೀನ ವಾಕ್ಯಗಳು ಸಂಭಾವನಾರ್ಥಕ್ಕೆ ಸರಿಯುತ್ತವೆ, ಆಜ್ಞೆಗಳೂ ಹಾಗೆಯೇ. ಸೀಸರನ ಗಾಲಿಕ್ ಯುದ್ಧದ ವೃತ್ತಾಂತದಲ್ಲಿ ರಾಯಭಾರಿಗಳ, ಸೇನಾನಿಗಳ ದೀರ್ಘ ಭಾಷಣಗಳು ಬಹುಮಟ್ಟಿಗೆ ಈ ಓರೆಮಾತಿನಲ್ಲಿಯೇ ಇವೆ. ಓದುವ ಹುಡುಗನಿಗೆ ಅದು ನಿಜಕ್ಕೂ ಕಷ್ಟದ ಕೆಲಸ. ಯಾರು ಯಾರಿಗೆ ಏನು ಹೇಳಿದರೆಂದು ತಿಳಿಯಬೇಕಾದರೆ ಆ ಭಾಷಣವನ್ನು ನೆಟ್ಟನೆಯ ಮಾತಿಗೆ ತಿರುಗಿಸಿ ನೋಡಬೇಕು. ಆದ್ದರಿಂದ ‘ರೆಕ್ಟಾದಿಂದ ಒಬ್ಲಿಕ್ವಾಗೆ, ಒಬ್ಲಿಕ್ವಾದಿಂದ ರೆಕ್ಟಾಗೆ’ ಎಂಬ ಅಭ್ಯಾಸಕ್ಕೆ ಅಲ್ಲಿ ಅರ್ಥವಿತ್ತು. ಟಿ. ಕೆ. ಆರ್ನಲ್ಡ್ 1839ರಲ್ಲಿ ಪ್ರಕಟಿಸಿದ, ಮುಂದೆ ಬ್ರಾಡ್ಲಿ ಪರಿಷ್ಕರಿಸಿದ ಲ್ಯಾಟಿನ್ ಗದ್ಯರಚನೆಯ ಪಠ್ಯ, ಕೆನೆಡಿಯ 1888ರ ಪರಿಷ್ಕೃತ ಲ್ಯಾಟಿನ್ ಪ್ರೈಮರ್ ಮೊದಲಾದವನ್ನು ಓದಿ ಬೆಳೆದ ಪೀಳಿಗೆಗಳಿಗೆ ಪರೋಕ್ಷೋಕ್ತಿ ಎಂದರೆ ಪರಿವರ್ತನೆಯ ಅಭ್ಯಾಸವೇ ಆಗಿತ್ತು.

ಇಂಗ್ಲಿಷ್ ಪಠ್ಯಗಳ ಪಟ್ಟಿಯ ಗುರುತು ಕೂಡ ಇಲ್ಲಿ ಸಿಗುತ್ತದೆ. ‘ಹಿಕ್’ ಇದ್ದಲ್ಲಿ ‘ಇಲ್ಲೆ’, ‘ನುಂಕ್’ ಇದ್ದಲ್ಲಿ ‘ಟುಂಕ್’ ಎಂಬ ಬಗೆಯ ಬದಲಾವಣೆಗಳನ್ನು ಲ್ಯಾಟಿನ್ ವ್ಯಾಕರಣಗಳು ಹೇಳುತ್ತಿದ್ದವು. ‘ದಿಸ್’ಗೆ ‘ದ್ಯಾಟ್’, ‘ನೌ’ಗೆ ‘ದೆನ್’ ಎಂಬ ಶಾಲಾಪಟ್ಟಿಯು ಇದರ ನೆರಳಿನಂತೆ ಕಾಣುತ್ತದೆ.

ಇಂಗ್ಲಿಷಿನಲ್ಲಿ ಲ್ಯಾಟಿನ್‌ನ ಮುಖ್ಯ ಲಕ್ಷಣಗಳೊಂದೂ ಉಳಿದಿರಲಿಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ವರದಿಯಾದ ಮಾತಿನ ಕ್ರಿಯಾಪದ ಸಂಭಾವನಾರ್ಥದಲ್ಲಿ ಬರುವುದು ಸಾಮಾನ್ಯವಾಗಿತ್ತು. ಅಲ್ಫ್ರೆಡ್ ದೊರೆಗೆ ಓಹ್ಥೆರೆ ಎಂಬ ನಾವಿಕ ತನ್ನ ಉತ್ತರದ ಯಾನವನ್ನು ವಿವರಿಸಿದ ವೃತ್ತಾಂತವು ಇದಕ್ಕೆ ವಿದ್ಯಾರ್ಥಿಗಳೆಲ್ಲ ಬಲ್ಲ ನಿದರ್ಶನ. ಆ ರೂಪಭೇದ ಕ್ರಮೇಣ ಸವೆಯಿತು. ಇನ್ನು ಉದ್ಧರಣ ಚಿಹ್ನೆಯ ಗಡಿಯೂ ಬಹಳ ಹಳೆಯದಲ್ಲ: 1611ರ ಬೈಬಲ್ ಅನುವಾದದಲ್ಲಿ ಆ ಚಿಹ್ನೆಗಳಿಲ್ಲ, 18ನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಅನ್ಯಪುರುಷಕ್ಕೆ ಸರಿದ ಪರೋಕ್ಷ ಮಾತಿಗೂ ಅದೇ ಚಿಹ್ನೆ ಹಾಕಿರುವುದುಂಟು. ಇಂದು ಪರಿವರ್ತನೆಯ ಆರಂಭಬಿಂದುವೆಂದು ನಾವು ಹಿಡಿಯುವ ‘ಚಿಹ್ನೆಯೊಳಗಿನ ಮೂಲವಾಕ್ಯ’ ಎಂಬುದು ಆಗಿನ ಮುದ್ರಕನಿಗೇ ಖಚಿತವಾಗಿರಲಿಲ್ಲ.

ರಾಬರ್ಟ್ ಲೌತ್‌ನ 1762ರ ವ್ಯಾಕರಣವಾಗಲಿ ಲಿಂಡ್ಲಿ ಮರೆಯ 1795ರ ವ್ಯಾಕರಣವಾಗಲಿ ಈ ಪರಿವರ್ತನೆಯನ್ನು ಒಂದು ಪಾಠವಾಗಿ ಬೆಳೆಸಿಲ್ಲ. ಕಾಲಸೂಚಕ ಪದಗಳ ನಡುವೆ ಹೊಂದಾಣಿಕೆಯಿರಬೇಕೆಂಬ ಸೂತ್ರ ಮರೆಯಲ್ಲಿದೆ, ಅಷ್ಟೆ. ಆ ಕಾಲದ ಮುಖ್ಯ ಅಭ್ಯಾಸವೆಂದರೆ ತಪ್ಪು ವಾಕ್ಯವನ್ನು ತಿದ್ದುವುದು. ಸರಿಯಾದ ವಾಕ್ಯವನ್ನು ಇನ್ನೊಂದು ಸರಿಯಾದ ವಾಕ್ಯವಾಗಿ ಮಾರ್ಪಡಿಸುವ ಅಭ್ಯಾಸ ಪ್ರಧಾನವಾದದ್ದು 19ನೆಯ ಶತಮಾನ ಮುಂದುವರಿದಂತೆ. ಆ ಹೊತ್ತಿಗೆ ಇಂಗ್ಲಿಷಿನಲ್ಲಿಯೂ ‘ಓರೆಮಾತಿನ’ ಭಾರಿ ರಾಶಿಯೊಂದು ಬೆಳೆದು ನಿಂತಿತ್ತು.

3. ಪಾರ್ಲಿಮೆಂಟಿನ ವರದಿ

ಈ ಭಾಗದಲ್ಲಿ ತುಸು ನಿಧಾನಿಸುವುದು ಅಗತ್ಯ. ವ್ಯಾಕರಣದ ಚರಿತ್ರೆ ಬರೆಯುವವರು ಪಠ್ಯಪುಸ್ತಕಗಳ ಸಾಲನ್ನೇ ಹಿಡಿದು ನಡೆಯುವುದರಿಂದ ಇದು ಅವರ ಕಣ್ಣಿಗೆ ಬೀಳುವುದಿಲ್ಲ.

ಬ್ರಿಟನ್ನಿನ ಕಾಮನ್ಸ್ ಸಭೆ ತನ್ನ ಚರ್ಚೆಗಳ ಪ್ರಕಟಣೆಯನ್ನು 1738ರಲ್ಲಿ ಕಟುವಾಗಿ ನಿಷೇಧಿಸಿತು. ಪತ್ರಿಕೆಗಳು ಅಡ್ಡದಾರಿ ಹಿಡಿದವು. ಜಂಟಲ್‌ಮನ್ಸ್ ಮ್ಯಾಗಜೀನ್ ‘ಲಿಲಿಪುಟ್’ ದೇಶದ ಸೆನೆಟ್‌ನಲ್ಲಿ ನಡೆದ ಚರ್ಚೆಗಳೆಂಬ ಸೋಗಿನಲ್ಲಿ ಅವನ್ನು ಅಚ್ಚುಹಾಕಿತು. 1740ರ ದಶಕದ ಆರಂಭದಲ್ಲಿ ಅವನ್ನು ಬರೆಯುತ್ತಿದ್ದವನು ಸ್ಯಾಮ್ಯುಯೆಲ್ ಜಾನ್ಸನ್. ಸಭೆಯಲ್ಲಿ ಕುಳಿತು ಕೇಳದೆ, ಸಿಕ್ಕ ಅಲ್ಪ ಟಿಪ್ಪಣಿಗಳ ಆಧಾರದಿಂದ ಆತ ಭಾಷಣಗಳನ್ನು ಕಟ್ಟಿದ. ಅವು ಪ್ರತ್ಯಕ್ಷೋಕ್ತಿಯ ಭವ್ಯ ಭಾಷಣಗಳು, ಆದರೆ ಹೇಳಿದವರ ಮಾತುಗಳಲ್ಲ. ಪ್ರತ್ಯಕ್ಷೋಕ್ತಿಯೇ ಮೂಲ, ಪರೋಕ್ಷೋಕ್ತಿಯು ಅದರಿಂದ ಹುಟ್ಟಿದ್ದು ಎಂಬ ಶಾಲಾನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಡೆಬೊರಾ ಟ್ಯಾನೆನ್ 1980ರ ದಶಕದಲ್ಲಿ ನಿತ್ಯದ ಸಂಭಾಷಣೆಯಲ್ಲಿ ಬರುವ ಪ್ರತ್ಯಕ್ಷೋಕ್ತಿಯನ್ನು ‘ಕಟ್ಟಿದ ಸಂವಾದ’ ಎಂದು ಕರೆದರು. ಜಾನ್ಸನ್ ಮಾಡಿದ್ದು ಅಕ್ಷರಶಃ ಅದನ್ನೇ.

1771ರಲ್ಲಿ ಮುದ್ರಕರೊಡನೆ ನಡೆದ ಸಂಘರ್ಷದ ಬಳಿಕ ನಿಷೇಧವು ಕಾರ್ಯತಃ ಸಡಿಲಾಯಿತು. 1803ರಲ್ಲಿ ವಿಲಿಯಂ ಕಾಬೆಟ್ ಪಾರ್ಲಿಮೆಂಟರಿ ಡಿಬೇಟ್ಸ್ ಎಂಬ ಮಾಲೆಯನ್ನು ಆರಂಭಿಸಿದ. 1812ರಲ್ಲಿ ಅದು ಮುದ್ರಕ ಹ್ಯಾನ್ಸರ್ಡ್‌ನ ಕೈಸೇರಿ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇದೇ ಕಾಬೆಟ್ ತನ್ನ ಮಗನಿಗೆ ಬರೆದ ಪತ್ರಗಳ ರೂಪದಲ್ಲಿ ಒಂದು ಇಂಗ್ಲಿಷ್ ವ್ಯಾಕರಣವನ್ನೂ ಬರೆದಿದ್ದಾನೆ. ಅದು 1818ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ತಪ್ಪು ವಾಕ್ಯಗಳಿಗೆ ಉದಾಹರಣೆಗಳನ್ನು ಆತ ರಾಜಭಾಷಣಗಳಿಂದ ಹೆಕ್ಕಿಕೊಂಡಿದ್ದ. ವರದಿಯ ಕಸುಬೂ ವ್ಯಾಕರಣದ ಪುಸ್ತಕವೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ಆಕಸ್ಮಿಕವಿರಬಹುದು. ಇದರಿಂದ ಪರಿವರ್ತನಾ ನಿಯಮಕ್ಕೆ ಅವನೇ ಜನಕನೆಂದು ನಾವು ಹೇಳುತ್ತಿಲ್ಲ.

ಈಗ ಆ ವರದಿಗಳ ಭಾಷೆಯನ್ನು ನೋಡೋಣ. 19ನೆಯ ಶತಮಾನದುದ್ದಕ್ಕೂ ಹ್ಯಾನ್ಸರ್ಡ್ ಸಂಪುಟಗಳು ಪದಶಃ ದಾಖಲೆಗಳಲ್ಲ. ಬಹುಪಾಲು ಪತ್ರಿಕಾವರದಿಗಳಿಂದ ಸಂಕಲಿತವಾದವು. ಪ್ರಮುಖ ನಾಯಕರ ಭಾಷಣಗಳು ಅನೇಕ ವೇಳೆ ಉತ್ತಮಪುರುಷದಲ್ಲಿ, ವಿಸ್ತಾರವಾಗಿ ಬರುತ್ತಿದ್ದವು. ಮಿಕ್ಕ ಸದಸ್ಯರ ಮಾತುಗಳು ಅನ್ಯಪುರುಷದಲ್ಲಿ, ಭೂತಕಾಲದಲ್ಲಿ, ಸಂಕ್ಷೇಪವಾಗಿ: ಮಾನ್ಯ ಸದಸ್ಯರು ಹೇಳಿದರು, ಅವರ ಅಭಿಪ್ರಾಯವಿತ್ತು, ಅವರು ಒಪ್ಪಲಾರರಾಗಿದ್ದರು. ಪುರುಷವೆಂಬ ವ್ಯಾಕರಣವರ್ಗ ಇಲ್ಲಿ ಪದವಿಯ ಗುರುತೂ ಆಗಿತ್ತು. ‘ನಾನು’ ಎನ್ನಿಸಿಕೊಳ್ಳುವ ಯೋಗ್ಯತೆ ಎಲ್ಲರಿಗೂ ಇರಲಿಲ್ಲ.

ಶಾಲಾಪಟ್ಟಿಯ ಪ್ರತಿಯೊಂದು ಬದಲಾವಣೆಯೂ ಈ ಬರವಣಿಗೆಯಲ್ಲಿ ಜೀವಂತವಾಗಿದೆ. ಸದಸ್ಯನು ಎದ್ದುನಿಂತು ‘ದಿಸ್ ಹೌಸ್’ ಎಂದು ಸಭೆಯನ್ನು ಕುರಿತು ಹೇಳಿದ್ದು ವರದಿಯಲ್ಲಿ ‘ದ್ಯಾಟ್ ಹೌಸ್’ ಆಗುತ್ತದೆ. ವರದಿಗಾರ ಸಭೆಯ ಸದಸ್ಯನಲ್ಲ, ಓದುಗನೂ ಅಲ್ಲಿಲ್ಲ. ‘ಟುಮಾರೊ’ ಹಾಗೆಯೇ ಉಳಿದರೆ ವಾರದ ಬಳಿಕ ಓದುವವನಿಗೆ, ವರ್ಷಗಳ ಬಳಿಕ ಸಂಪುಟ ತೆರೆಯುವವನಿಗೆ ಯಾವ ನಾಳೆಯೆಂದು ತಿಳಿಯದು. ಇಲ್ಲಿ, ಈಗ, ಇಂದು ಎಂಬ ಎಲ್ಲ ಸೂಚಕಪದಗಳನ್ನೂ ಒಂದೂ ಬಿಡದೆ ದೂರ ಸರಿಸುವುದು ಅರ್ಥಪೂರ್ಣವಾಗುವುದು ಹೇಳಿದವನ, ವರದಿ ಮಾಡುವವನ, ಓದುವವನ ಸ್ಥಳ-ಕಾಲಗಳು ಮೂರೂ ಬೇರೆಯಾಗಿರುವಾಗ ಮಾತ್ರ. ಪಕ್ಕದ ಮನೆಯವರ ಮಾತನ್ನು ಅಂದೇ ಸಂಜೆ ಮನೆಯಲ್ಲಿ ಹೇಳುವಾಗ ಹೀಗಾಗುವುದಿಲ್ಲ: ಬೆಳಿಗ್ಗೆಯ ‘ಟುಡೇ’ ಸಂಜೆಗೂ ‘ಟುಡೇ’; ಈ ಊರಿನ ‘ಹಿಯರ್’ ಈ ಊರಿನಲ್ಲಿಯೇ ‘ಹಿಯರ್’. ಶಾಲಾನಿಯಮವು ಇಂಥ ನಿತ್ಯದ ಸಂದರ್ಭಗಳನ್ನು ಅಪವಾದವೆಂದು ಕಡೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ, ವರದಿಗಾರನ ಸಂದರ್ಭವನ್ನು ನಿಯಮವೆಂದು ಸಾರುತ್ತದೆ. ಈ ವಿಪರ್ಯಾಸಕ್ಕೆ ಬೇರೆ ಸಮಾಧಾನ ನಮಗೆ ಹೊಳೆದಿಲ್ಲ.

ಗರ್ನಿ ಪದ್ಧತಿಯ ಶೀಘ್ರಲಿಪಿ ಕಲಿತು 1830ರ ದಶಕದಲ್ಲಿ ಈ ಕಸುಬಿನಲ್ಲಿ ದುಡಿದವರಲ್ಲಿ ಚಾರ್ಲ್ಸ್ ಡಿಕನ್ಸ್ ಒಬ್ಬ. ಸಭಾನಡಾವಳಿಯ ಗಂಭೀರ ಅನ್ಯಪುರುಷವನ್ನು ಅವನ ಕಾದಂಬರಿಗಳು ಎಷ್ಟು ಸಲ ಅಣಕಿಸಿವೆಯೆಂದು ಬಲ್ಲವರಿಗೆ ಈ ನಂಟು ಹೊಸದೆನಿಸದು.

1907ರ ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ 1909ರಿಂದ ಪಾರ್ಲಿಮೆಂಟ್ ತನ್ನದೇ ವರದಿಗಾರರನ್ನು ನೇಮಿಸಿಕೊಂಡು ಅಧಿಕೃತ ವರದಿ ಹೊರತರತೊಡಗಿತು. ಎಲ್ಲ ಸದಸ್ಯರ ಮಾತೂ ಸಮಾನವಾಗಿ ಉತ್ತಮಪುರುಷದಲ್ಲಿರಬೇಕು. ಪುನರುಕ್ತಿಗಳನ್ನೂ ಸ್ಪಷ್ಟ ತಪ್ಪುಗಳನ್ನೂ ಬಿಟ್ಟರೆ ಆಡಿದ ಮಾತಿಗೆ ನಿಷ್ಠವಾಗಿರಬೇಕು ಎಂಬುದು ಹೊಸ ವ್ಯವಸ್ಥೆಯ ತಿರುಳು. ಓರೆಮಾತಿನ ಅತಿದೊಡ್ಡ ಕಾರ್ಯಾಗಾರ ಅಲ್ಲಿಗೆ ಮುಚ್ಚಿತು. ಸಂಘಸಂಸ್ಥೆಗಳ ನಡಾವಳಿ ಪುಸ್ತಕಗಳಲ್ಲಿ ಅದು ಇಂದಿಗೂ ಉಸಿರಾಡುತ್ತಿದೆಯೆನ್ನಬಹುದು.

4. ಭಾರತದ ಪಠ್ಯಗಳು

ವಾಯವ್ಯ ಪ್ರಾಂತಗಳು ಮತ್ತು ಔಧ್‌ನ ಸಾರ್ವಜನಿಕ ಶಿಕ್ಷಣ ನಿರ್ದೇಶಕನಾಗಿದ್ದ ಜೆ. ಸಿ. ನೆಸ್‌ಫೀಲ್ಡ್ 1890ರ ದಶಕದಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಗಾಗಿ ಬರೆದ ವ್ಯಾಕರಣಮಾಲೆ ಭಾರತದ ವಿದ್ಯಾರ್ಥಿಯನ್ನು ಕಣ್ಣೆದುರಿಟ್ಟುಕೊಂಡದ್ದು. 1898ರ ಅವನ ಮ್ಯಾನ್ಯುಯಲ್ ಇಂಗ್ಲೆಂಡಿನಲ್ಲಿಯೂ ಬಳಕೆಗೆ ಬಂತು. 1930ರ ದಶಕದಲ್ಲಿ ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ ಹೈಸ್ಕೂಲ್ ವ್ಯಾಕರಣ ಬಂತು. ರೆನ್ ಭಾರತೀಯ ಶಿಕ್ಷಣ ಸೇವೆಯಲ್ಲಿದ್ದವನು. ‘ಬೊ ಜೆಸ್ಟ್’ ಎಂಬ ಸಾಹಸ ಕಾದಂಬರಿಯ ಕರ್ತೃವೂ ಅವನೇ. ಪಾತ್ರಗಳ ಬಾಯಲ್ಲಿ ಧಾರಾಳವಾಗಿ ಮಾತಾಡಿಸಬಲ್ಲವನು ಶಾಲಾಮಕ್ಕಳಿಗೆ ಆ ಮಾತನ್ನು ಕಟ್ಟಿಹಾಕುವ ಪಾಠ ಹೇಳಿದನೆನ್ನುವುದು ಸಣ್ಣ ವಿನೋದ.

ಈ ಪಾಠ ಭಾರತದಲ್ಲಿ ಬೇರುಬಿಟ್ಟಿದ್ದಕ್ಕೆ ಪರೀಕ್ಷೆಯೇ ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ. 1857ರಲ್ಲಿ ಸ್ಥಾಪಿತವಾದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳ ಪ್ರವೇಶಪರೀಕ್ಷೆಯೇ ಹೈಸ್ಕೂಲಿನ ಗುರಿಯಾಗಿತ್ತು. ಮೈಸೂರು ಸಂಸ್ಥಾನದ ಕಾಲೇಜುಗಳೂ 1916ರಲ್ಲಿ ಸ್ವಂತ ವಿಶ್ವವಿದ್ಯಾನಿಲಯ ಬರುವವರೆಗೆ ಮದರಾಸಿಗೇ ಅಧೀನವಾಗಿದ್ದವು. ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದುವವರಿಗೆ ಒಂದೇ ಸರಿ ಉತ್ತರವಿರುವ ಪ್ರಶ್ನೆ ವರದಾನ. ಪರಿವರ್ತನೆ ಅಂಥ ಪ್ರಶ್ನೆ. ಉತ್ತರಭಾರತದ ತರಗತಿಗಳಲ್ಲಿ ಇದಕ್ಕೆ ‘ನೆರೇಷನ್’ ಎಂಬ ಅಡ್ಡಹೆಸರೇ ಅಂಟಿಕೊಂಡಿದೆ. ಮಾತಿನಲ್ಲಿ ‘ಹುರ್ರಾ’ ಇದ್ದರೆ ‘ಎಕ್ಸ್‌ಕ್ಲೇಮ್ಡ್ ವಿತ್ ಜಾಯ್’, ‘ಅಲಾಸ್’ ಇದ್ದರೆ ‘ಎಕ್ಸ್‌ಕ್ಲೇಮ್ಡ್ ವಿತ್ ಸಾರೋ’ ಎಂಬ ಸೂತ್ರಗಳು ಬಾಯಿಪಾಠವಾಗಿ ಉಳಿದಿವೆ. ಇಂಗ್ಲಿಷ್ ಮಾತೃಭಾಷೆಯವನು ಸಂತೋಷಪಟ್ಟವನ ಸುದ್ದಿಯನ್ನು ಹೀಗೆ ಹೇಳಿದ್ದನ್ನು ಕೇಳಿದವರು ಅಪರೂಪ.

5. ವಿದ್ವಾಂಸರ ಪ್ರತಿಕ್ರಿಯೆ

ಒಟ್ಟೊ ಯೆಸ್ಪರ್ಸನ್ 1924ರ ತನ್ನ ‘ವ್ಯಾಕರಣದ ತತ್ತ್ವಶಾಸ್ತ್ರ’ ಗ್ರಂಥದಲ್ಲಿ ಪರೋಕ್ಷೋಕ್ತಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟ. ಕಾಲಪಲ್ಲಟವು ಎಷ್ಟೋ ಕಡೆ ಬರಿಯ ಮಾನಸಿಕ ಜಡತ್ವದ ಫಲ, ಭೂತಕಾಲದಲ್ಲಿ ಚಲಿಸುತ್ತಿರುವ ಮನಸ್ಸು ಪ್ರತಿಯೊಂದು ಅಧೀನ ವಾಕ್ಯದ ಕಾಲವನ್ನೂ ನಿಂತು ಪರಿಶೀಲಿಸದೆ ಅದೇ ಓಟದಲ್ಲಿ ಮುಂದುವರಿಯುತ್ತದೆ ಎಂಬ ಅವನ ಮಾತು ನಿಯಮದ ಬಿಗಿಯನ್ನು ಸಾಕಷ್ಟು ಸಡಿಲಿಸಿತು. ಶಾರ್ಲ್ ಬಾಯಿ 1912ರಲ್ಲಿ ಫ್ರೆಂಚಿನ ಮುಕ್ತ ಪರೋಕ್ಷೋಕ್ತಿಯನ್ನು ಗುರುತಿಸಿದ್ದ. ಎರಡೇ ಮನೆಗಳಿದ್ದ ಪಟ್ಟಿಗೆ ಮೂರನೆಯದೊಂದು ಸೇರಿತ್ತು. ಆದರೂ ‘ಪಲ್ಲಟ’, ‘ಸರಿಸುವಿಕೆ’ ಎಂಬ ರೂಪಕಗಳು ಹಾಗೆಯೇ ಉಳಿದವು. ಒಂದು ಮೂಲದಿಂದ ಸರಿಸಿದ್ದು ಎಂಬ ಭಾವನೆ ಪರಿಭಾಷೆಯೊಳಗೇ ಅಡಗಿತ್ತು.

ನೇರವಾದ ಪೆಟ್ಟು ಬಿದ್ದದ್ದು ರಷ್ಯದಲ್ಲಿ. ವಾಕ್ಯರಚನಾ ಶಾಸ್ತ್ರಜ್ಞ ಪೆಶ್ಕೋವ್‌ಸ್ಕಿ, ಕ್ರಿಲೋವ್‌ನ ನೀತಿಕಥೆಯೊಂದರ ಸಂವಾದವನ್ನು ಪದಶಃ ಪರೋಕ್ಷೋಕ್ತಿಗೆ ಪರಿವರ್ತಿಸಿ ನೋಡಿದ. ಫಲಿತಾಂಶ ಹಾಸ್ಯಾಸ್ಪದವಾಗಿತ್ತು. ಪರೋಕ್ಷೋಕ್ತಿಯು ರಷ್ಯನ್ ಭಾಷೆಯ ಸ್ವಭಾವಕ್ಕೆ ಒಗ್ಗದು ಎಂದು ಅವನು ತೀರ್ಮಾನಿಸಿದ. 1929ರಲ್ಲಿ ವೊಲೊಷಿನೊವ್ ಈ ಪ್ರಯೋಗವನ್ನೇ ಪ್ರಶ್ನಿಸಿದ. ಒಗ್ಗದಿರುವುದು ಪರೋಕ್ಷೋಕ್ತಿಯಲ್ಲ, ಯಾಂತ್ರಿಕ ಪರಿವರ್ತನೆ. ಅದು ತರಗತಿಯ ಅಭ್ಯಾಸಗಳನ್ನು ತಯಾರಿಸುವ ಉಪಾಯವೇ ಹೊರತು ಭಾಷೆಯಲ್ಲಿ ನಡೆಯುವ ಕ್ರಿಯೆಯಲ್ಲ ಎಂಬುದು ಅವನ ನಿಲುವು. ಪರೋಕ್ಷೋಕ್ತಿಯ ಪ್ರಾಣವಿರುವುದು ವಿಶ್ಲೇಷಣೆಯಲ್ಲಿ: ಹೇಳಿದವನ ಉದ್ಗಾರ, ಒತ್ತು, ಅರ್ಧಕ್ಕೆ ನಿಂತ ಮಾತು ಇವೆಲ್ಲ ವರದಿ ಮಾಡುವವನ ತಿಳಿವಳಿಕೆಯಾಗಿ ಮಾರ್ಪಟ್ಟು ವಾಕ್ಯದೊಳಗೆ ಸೇರುತ್ತವೆ. ಈ ಪುಸ್ತಕದ ಇಂಗ್ಲಿಷ್ ಅನುವಾದ ಬಂದದ್ದು 1973ರಲ್ಲಿ. ಅದೇ ವರ್ಷ ಆ್ಯನ್ ಬ್ಯಾನ್‌ಫೀಲ್ಡ್ ಉತ್ಪಾದಕ ವ್ಯಾಕರಣದ ಒಳಗಿನಿಂದಲೇ ಇದೇ ದಿಕ್ಕಿನ ವಾದ ಮಂಡಿಸಿದರು: ಉದ್ಗಾರ, ಸಂಬೋಧನೆ, ಅಪೂರ್ಣ ವಾಕ್ಯ, ಪರಭಾಷೆಯ ತುಣುಕು ಇವಕ್ಕೆಲ್ಲ ಪ್ರತ್ಯಕ್ಷೋಕ್ತಿಯಲ್ಲಿ ಎಡೆಯಿದೆ, ಪರೋಕ್ಷೋಕ್ತಿಯಲ್ಲಿ ಇಲ್ಲ, ಆದ್ದರಿಂದ ಒಂದನ್ನು ಇನ್ನೊಂದರಿಂದ ರೂಪಾಂತರದ ಮೂಲಕ ಪಡೆಯಲಾಗದು. ಬಾರ್ಬರಾ ಪಾರ್ಟಿಯವರ ಉದ್ಧರಣೆ ಕುರಿತ ಲೇಖನವೂ ಆ ವರ್ಷದ್ದೇ. ಕಾಲಪಲ್ಲಟದ ಬಗೆಗಿನ ಮುಂದಿನ ಚರ್ಚೆಗಳು, ಅಂದರೆ 1986ರಲ್ಲಿ ಕಾಮ್ರಿ, 1987ರಲ್ಲಿ ಎಂಚ್, ಆಮೇಲೆ ಡಿಕ್ಲರ್ಕ್, ಕಾಲಾನುಗತಿಯು ರೂಪನಿಯಮವೋ ಅರ್ಥನಿಯಮವೋ ಎಂಬುದರ ಸುತ್ತ ಬೆಳೆದವು. ಅವುಗಳ ವಿವರ ಈ ಲೇಖನಕ್ಕೆ ಹೊರತು.

6. ಕನ್ನಡದ ವಿವರಣೆಗೆ ಬಂದ ಪಟ್ಟಿ

ಶಾಲಾಪಾಠದ ಈ ದ್ವಂದ್ವವು ಭಾಷಾವಿಜ್ಞಾನದ ಕ್ಷೇತ್ರಕಾರ್ಯದೊಳಗೂ ನುಸುಳಿದೆ. 1977ರಲ್ಲಿ ಕಾಮ್ರಿ ಮತ್ತು ನಾರ್ವಲ್ ಸ್ಮಿತ್ ಜಗತ್ತಿನ ಯಾವುದೇ ಭಾಷೆಯನ್ನು ಒಂದೇ ಚೌಕಟ್ಟಿನಲ್ಲಿ ವಿವರಿಸಲು ದೀರ್ಘ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ವಾಕ್ಯಪ್ರಕಾರಗಳ ಕೆಳಗೆ ಅದು ಮೊಟ್ಟಮೊದಲು ಕೇಳುವುದೇ ಪ್ರತ್ಯಕ್ಷೋಕ್ತಿ-ಪರೋಕ್ಷೋಕ್ತಿಗಳ ಬಗ್ಗೆ. ಎಸ್. ಎನ್. ಶ್ರೀಧರ್ ಅವರ 1990ರ ‘ಕನ್ನಡ’ ಗ್ರಂಥ ಈ ಪ್ರಶ್ನಾವಳಿಯ ಕ್ರಮವನ್ನೇ ಅನುಸರಿಸಿದ್ದು. ಕನ್ನಡದ ವಿವರಣೆಯಲ್ಲಿ ತೊಡಗಿರುವ ಸಂಶೋಧನಾರ್ಥಿಗಳಿಗೆಲ್ಲ ಅದು ಕೈಪಿಡಿ. ಪ್ರಶ್ನೆ ಕೇಳಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಎರಡು ಖಾನೆಗಳನ್ನು ಮೊದಲೇ ಎಳೆದಿಟ್ಟರೆ ಕನ್ನಡದ ಸಾಮಗ್ರಿ ಯಾವ ಖಾನೆಯಲ್ಲೂ ಸರಿಯಾಗಿ ಕೂರುವುದಿಲ್ಲ. ಕೆಳಗಿನವು ನಾವೇ ಕಟ್ಟಿದ ವಾಕ್ಯಗಳು.

(ಅ) ಗೋಪಾಲ ನಾನು ನಾಳೆ ಬರುತ್ತೇನೆ ಎಂದು ಹೇಳಿದ.
(ಆ) ಗೋಪಾಲ ತಾನು ನಾಳೆ ಬರುತ್ತೇನೆ ಎಂದು ಹೇಳಿದ.
(ಇ) ಗೋಪಾಲ ತಾನು ನಾಳೆ ಬರುವುದಾಗಿ ಹೇಳಿದ.

ಇಂಗ್ಲಿಷಿನ ಅಳತೆಯಲ್ಲಿ (ಅ) ಪ್ರತ್ಯಕ್ಷ, (ಇ) ಪರೋಕ್ಷ. ಹಾಗಾದರೆ (ಆ) ಯಾವುದು? ಸರ್ವನಾಮ ‘ತಾನು’ ವರದಿಗಾರನ ದೃಷ್ಟಿಯದು, ಕ್ರಿಯಾಪದದ ‘-ಏನೆ’ ಹೇಳಿದವನ ದೃಷ್ಟಿಯದು. ಕನ್ನಡ ಪತ್ರಿಕೆಗಳಲ್ಲಿ ಪ್ರತಿದಿನ ಕಾಣುವ ಈ ರಚನೆ ಅರ್ಧ ಪರಿವರ್ತನೆಯಲ್ಲ, ತಪ್ಪೂ ಅಲ್ಲ. ‘ತಾನು ನಾಳೆ ಬರುತ್ತಾನೆ ಎಂದು ಹೇಳಿದ’ ಎಂಬುದೇ ನಮ್ಮ ಕಿವಿಗೆ ತೊಡಕು. ತಮಿಳು, ತೆಲುಗುಗಳಲ್ಲಿಯೂ ಇಂಥ ಹೊಂದಾಣಿಕೆಯಿದೆ. ಹೇಳುವವನ ಸನ್ನಿವೇಶವನ್ನು ಬಿಟ್ಟು ವರದಿಯಾದ ಸನ್ನಿವೇಶಕ್ಕೆ ಸರಿಯುವ ‘ನಾನು’ಗಳು ಭಾಷೆಯಲ್ಲಿ ಅಸಾಧ್ಯವೆಂದು ಡೇವಿಡ್ ಕ್ಯಾಪ್ಲನ್ ವಾದಿಸಿದ್ದ, ಅಂಥವನ್ನು ಸಾಧ್ಯವಾಗಿಸುವ ಕಲ್ಪಿತ ಪದಗಳಿಗೆ ಅವನಿಟ್ಟ ಹೆಸರು 'ರಾಕ್ಷಸ'. ಶ್ಲೆಂಕರ್ 2003ರಲ್ಲಿ ಅಮ್ಹಾರಿಕ್ ಮೊದಲಾದ ಭಾಷೆಗಳಿಂದ ರಾಕ್ಷಸರ ಪರ ವಕಾಲತ್ತು ವಹಿಸಿದ. ಕನ್ನಡಿಗರಿಗೆ ಅವರು ದೂರದವರಲ್ಲ.

ಕಾಲದ ಮಾತೂ ಹೀಗೆಯೇ. ‘ತನಗೆ ಜ್ವರ ಬಂದಿದೆ ಎಂದು ಹೇಳಿದಳು’ ಎಂದರೆ ಹೇಳಿದಾಗ ಜ್ವರವಿತ್ತು. ‘ಬಂದಿತ್ತು ಎಂದು ಹೇಳಿದಳು’ ಎಂದರೆ ಹೇಳುವ ಹೊತ್ತಿಗೆ ಜ್ವರ ಹಿಂದಿನ ಮಾತು. ಹೀಗಾಗಿ ‘ಶಿ ಸೆಡ್ ದ್ಯಾಟ್ ಶಿ ವಾಸ್ ಇಲ್’ ಎಂಬ ವಾಕ್ಯವನ್ನು ಕನ್ನಡದ ವಿದ್ಯಾರ್ಥಿ ವಾಸಿಯಾದವಳ ಮಾತೆಂದೇ ಮೊದಲು ಕೇಳಿಸಿಕೊಳ್ಳುತ್ತಾನೆ; ಪಾಠವು ಅವನಿಗೆ ಹಿಂದಕ್ಕೆ ಸರಿಸಲು ಹೇಳುತ್ತದೆ, ಸರಿಸಿದ್ದರ ಅರ್ಥವನ್ನು ಹೇಳುವುದಿಲ್ಲ. ‘ಹಿ ಆಸ್ಕ್‌ಡ್ ಮಿ ದ್ಯಾಟ್ ವೇರ್ ಆರ್ ಯೂ ಗೋಯಿಂಗ್’ ಎಂದು ಬರೆದು ಅಂಕ ಕಳೆದುಕೊಳ್ಳುವವನು ‘ದ್ಯಾಟ್’ ಅನ್ನು ‘ಎಂದು’ ಎಂಬಂತೆ ಬಳಸಿರುತ್ತಾನೆ. ‘ಎಂದು’ ಹೇಳಿಕೆ, ಪ್ರಶ್ನೆ, ಉದ್ಗಾರ, ಅನುಕರಣ ಶಬ್ದ ಯಾವುದನ್ನೂ ಮುರಿಯದೆ ಹೊರಬಲ್ಲದು. ‘ದ್ಯಾಟ್’ಗೆ ಆ ಶಕ್ತಿಯಿಲ್ಲ. ತಪ್ಪಿನ ಕಾರಣ ಇಷ್ಟು ಸ್ಪಷ್ಟವಾಗಿರುವಾಗಲೂ ಅದನ್ನು ಸೂತ್ರ ಮರೆತವನ ಅಜಾಗ್ರತೆಯೆಂದು ತಿದ್ದುವುದೇ ರೂಢಿ.

7. ನ್ಯಾಯಾಲಯದ ಸಾಕ್ಷ್ಯ

ವರದಿಯ ಕಸುಬು ವ್ಯಾಕರಣದ ನಿಯಮವನ್ನು ರೂಪಿಸಿತೆಂದು ವಾದಿಸಿದ ಮೇಲೆ, ನಮ್ಮ ನೆಲದಲ್ಲಿ ಇಂದಿಗೂ ನಡೆಯುತ್ತಿರುವ ಅಂಥದೊಂದು ಕಸುಬನ್ನು ನೋಡದೆ ಬಿಡುವಂತಿಲ್ಲ. 1898ರ ದಂಡಪ್ರಕ್ರಿಯಾ ಸಂಹಿತೆಯ 359ನೆಯ ಕಲಮು, ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆದುಕೊಳ್ಳದೆ ಕಥನರೂಪದಲ್ಲಿ ಬರೆದುಕೊಳ್ಳಬೇಕೆಂದು ವಿಧಿಸಿತು. 1973ರ ಸಂಹಿತೆಯ 276ನೆಯ ಕಲಮೂ ಸೆಷನ್ಸ್ ವಿಚಾರಣೆಗಳಿಗೆ ಕಥನರೂಪವನ್ನೇ ಸಾಮಾನ್ಯ ಕ್ರಮವಾಗಿ ಉಳಿಸಿಕೊಂಡು, ಪ್ರಶ್ನೋತ್ತರವನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು.

ಇದರ ವ್ಯಾಕರಣ ಯಾವ ಶಾಲಾಪಾಠದಲ್ಲೂ ಇಲ್ಲ. ಪಾಟೀಸವಾಲಿನಲ್ಲಿ ವಕೀಲರು ಕೇಳುತ್ತಾರೆ: ‘ಗಲಾಟೆ ನಡೆದಾಗ ನೀವು ಅಂಗಡಿ ಹತ್ತಿರ ಇರಲೇ ಇಲ್ಲ, ಅಲ್ಲವೇನ್ರೀ?’ ಸಾಕ್ಷಿ ಹೇಳುತ್ತಾನೆ: ‘ಇದ್ದೆ ಸ್ವಾಮಿ.’ ದಾಖಲೆಯಲ್ಲಿ ಮೂಡುವುದು: ‘ಗಲಾಟೆಯ ಕಾಲಕ್ಕೆ ನಾನು ಅಂಗಡಿಯ ಬಳಿ ಇರಲಿಲ್ಲ ಎಂದರೆ ಸರಿಯಲ್ಲ.’ ವಕೀಲರ ‘ನೀವು’ ಸಾಕ್ಷಿಯ ‘ನಾನು’ ಆಗಿದೆ. ವಕೀಲರ ನಿಷೇಧವು ಸಾಕ್ಷಿಯ ವಾಕ್ಯದ ಒಡಲನ್ನು ಸೇರಿದೆ. ಸಾಕ್ಷಿ ನಿಜವಾಗಿ ಆಡಿದ ಒಂದೇ ಕ್ರಿಯಾಪದ, ‘ಇದ್ದೆ’, ಮಾಯವಾಗಿ ‘ಸರಿಯಲ್ಲ’ ಎಂಬುದು ಅದರ ಜಾಗದಲ್ಲಿ ಕುಳಿತಿದೆ. ಪ್ರತ್ಯಕ್ಷೋಕ್ತಿಯ ಉತ್ತಮಪುರುಷವಿದೆ, ಆದರೆ ಇದು ಯಾರ ಮಾತು?

ಇದಕ್ಕಿಂತ ಗಂಭೀರವಾದ ತೊಡಕು (ಅ) ಬಗೆಯ ವಾಕ್ಯಗಳಲ್ಲಿದೆ. ಸಾಕ್ಷಿಯೊಬ್ಬ ಆರೋಪಿಯ ಬಗ್ಗೆ ‘ಅವನು ನಾನೇ ಹೊಡೆದೆ ಅಂತ ಎಲ್ಲರ ಮುಂದೆ ಹೇಳಿದ’ ಎನ್ನುತ್ತಾನೆಂದು ಇಟ್ಟುಕೊಳ್ಳೋಣ. ಆಡುವಾಗ ‘ಅವನು’ ಎಂಬುದರ ಬಳಿಕ ಕೊಂಚ ತಡೆದು, ‘ನಾನೇ ಹೊಡೆದೆ’ ಎಂಬುದನ್ನು ಆರೋಪಿಯ ಧಾಟಿಯಲ್ಲಿಯೇ ನುಡಿದರೆ, ಅದು ಆರೋಪಿಯ ಒಪ್ಪಿಗೆಯ ಮಾತು. ಧ್ವನಿ ಬದಲಿಸದೆ ದೂರಿನ ದನಿಯಲ್ಲಿ ನುಡಿದರೆ, ಆರೋಪಿಯು ಸಾಕ್ಷಿಯ ಮೇಲೆಯೇ ತಪ್ಪು ಹೊರಿಸಿದನೆಂಬ ಅರ್ಥವೂ ಹೊರಡುತ್ತದೆ. ಬರಹದಲ್ಲಿ ಧಾಟಿಯಿಲ್ಲ, ‘ಅಂತ’ ಚಿಹ್ನೆಗಳನ್ನು ಬೇಡುವುದಿಲ್ಲ. ಮೇಲ್ಮನವಿಗಾಗಿ ಇದನ್ನು ಇಂಗ್ಲಿಷಿಗೆ ತರುವವರು ‘ಹಿ ಸೆಡ್ ದ್ಯಾಟ್ ಹಿ ಹ್ಯಾಡ್ ಹಿಟ್’ ಎಂದು ಬರೆಯಬೇಕೋ ‘ಹಿ ಸೆಡ್ ದ್ಯಾಟ್ ಐ ಹ್ಯಾಡ್ ಹಿಟ್’ ಎಂದು ಬರೆಯಬೇಕೋ ಎಂಬುದನ್ನು ಅಲ್ಲಿಯೇ, ಹಾಳೆಯ ಮೇಲಿನ ಅಷ್ಟೇ ಪದಗಳನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಶಾಲೆಯಲ್ಲಿ ಅವರು ಕಲಿತ ನಿಯಮವು ಉದ್ಧರಣ ಚಿಹ್ನೆಗಳು ಎಲ್ಲಿ ತೆರೆದು ಎಲ್ಲಿ ಮುಚ್ಚುತ್ತವೆಂಬುದು ಮೊದಲೇ ಗೊತ್ತಿರುವ ವಾಕ್ಯದಿಂದ ಆರಂಭವಾಗಿತ್ತು.